ಪರದೆ ಸರಿಸುವ ಮುಂಚಿನ ಕೆಮ್ಮು

ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಸಂಜೆಯ ಚಹಾದವರು ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ರಿಪೇರಿಯವನು ನಮ್ಮ ಹೋಟೆಲಿನ ಅಟ್ಟ ಹತ್ತಿ ವೈರು ಹುಡುಕುತ್ತಿದ್ದ. ಹುಡುಕುತ್ತಾ ಹುಡುಕುತ್ತಾ ಒಂದು ಬಟ್ಟೆಯ ಗಂಟನ್ನು ಕೆಳಗೆ ಎಸೆದು, "ಹ್ಯಾಚಂ ಕಾಯ್ ಕರಾಯ್ಚಂ, ಮ್ಯಾಡಮ್?" ಎಂದು ಮರಾಠಿಯಲ್ಲಿ ಕೂಗಿದ. ಇದನ್ನೇನು ಮಾಡುವುದು ಎಂದು ನನಗೂ ತಕ್ಷಣ ತಿಳಿಯಲಿಲ್ಲ. ನೀಲಿ ಬಟ್ಟೆ, ಮೇಲಂಚಿಗೆ ತುಕ್ಕು ಹಿಡಿದ ಕಬ್ಬಿಣದ ಬಳೆಗಳು. ಮೂಗಿನ ಹತ್ತಿರ ಹಿಡಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅಷ್ಟು ಧೂಳಿನ ಅಡಿಯಲ್ಲೂ ಸಾಂಬಾರಿನ ವಾಸನೆ ಇತ್ತು. ನಮ್ಮ ಫ್ಯಾಮಿಲಿ ರೂಮಿನ ಪರದೆ ಅದು. ರಿಪೇರಿಯವನನ್ನು ಯಾಕೆ ಕರೆಸಿದ್ದೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಹದಿನೈದು ದಿನದಿಂದ ನನ್ನ ಜೊತೆಗೇ ಇರುವ ಭಯ ಅದು, ಎಲ್ಲಿಗೂ ಓಡಿಹೋಗುವುದಿಲ್ಲ.

ಈಗಿನವರಿಗೆ ಫ್ಯಾಮಿಲಿ ರೂಮ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗುತ್ತದೆ. ಹೋಟೆಲಿನ ಹಿಂಭಾಗದಲ್ಲಿ ಹಲಗೆ ಹೊಡೆದು ಮಾಡಿದ ನಾಲ್ಕಾರು ಗೂಡುಗಳು. ಒಂದೊಂದರಲ್ಲೂ ಒಂದು ಮೇಜು, ಎರಡು ಬೆಂಚು, ಬಾಗಿಲಿನ ಬದಲು ಪರದೆ. ಹೆಸರಿಗೆ ಫ್ಯಾಮಿಲಿ, ಕೂರುತ್ತಿದ್ದವರು ಎಲ್ಲ ಬಗೆಯವರು. ಮದುವೆ ಗೊತ್ತಾದ ಹುಡುಗ ಹುಡುಗಿ, ಗೊತ್ತಾಗದ ಹುಡುಗ ಹುಡುಗಿ, ಮಗುವಿಗೆ ಹಾಲೂಡಿಸುವ ತಾಯಂದಿರು, ಆಸ್ತಿಯ ಮಾತಾಡುವ ಅಣ್ಣತಮ್ಮಂದಿರು. ಅತ್ತೆಮನೆಯಿಂದ ಬಸ್ಸು ಹತ್ತಿ ಬಂದು ತಂಗಿಯ ಮುಂದೆ ಅತ್ತು, ಮುಖ ತೊಳೆದುಕೊಂಡು ವಾಪಸು ಹೋಗುವ ಅಕ್ಕಂದಿರು. ಪುಣೆಯ ಸ್ವಾರಗೇಟಿನ ಬಸ್‌ಸ್ಟ್ಯಾಂಡು ಹತ್ತಿರವಿದ್ದುದರಿಂದ ಇಂಥವರಿಗೆಲ್ಲ ನಮ್ಮ ಹೋಟೆಲು ಅನುಕೂಲವಾಗಿತ್ತು.

ಆಗ ಹೋಟೆಲು ನಡೆಸುತ್ತಿದ್ದವರು ನನ್ನ ದೊಡ್ಡಪ್ಪ. ಉಡುಪಿಯ ಕಡೆಯಿಂದ ಪುಣೆಗೆ ಬಂದವರು, ಬಂದು ಎಷ್ಟು ವರ್ಷವಾದರೂ ಮರಾಠಿಯನ್ನು ತುಳುವಿನ ರಾಗದಲ್ಲೇ ಮಾತಾಡಿದವರು. ಶಾಲೆ ಬಿಟ್ಟ ಮೇಲೆ ನಾನು ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದೆ. ಹೊಸ ಸಪ್ಲಾಯರ್ ಕೆಲಸಕ್ಕೆ ಸೇರಿದರೆ ದೊಡ್ಡಪ್ಪ ಅವನಿಗೆ ತಟ್ಟೆ ಹಿಡಿಯುವುದನ್ನು ಕಲಿಸುವ ಮುಂಚೆ ಕೆಮ್ಮುವುದನ್ನು ಕಲಿಸುತ್ತಿದ್ದರು. ಫ್ಯಾಮಿಲಿ ರೂಮಿನ ಪರದೆಗೆ ಕೈ ಹಾಕುವ ಮೊದಲು ಒಂದು ಕೆಮ್ಮು. ಕೆಮ್ಮಿದ ಮೇಲೆ ಸ್ವಲ್ಪ ನಿಲ್ಲಬೇಕು. ಆಮೇಲೆ ಪರದೆ. "ಕೆಮ್ಮಿದ ಕೂಡ್ಲೇ ನುಗ್ಗುದಲ್ಲ ಮಾರಾಯ, ಒಳಗಿನವ್ರಿಗೆ ಮುಖ ಸರಿ ಮಾಡ್ಕೊಳ್ಲಿಕ್ಕೆ ಟೈಮ್ ಬೇಡ್ವಾ?" ಎನ್ನುತ್ತಿದ್ದರು. ಒಮ್ಮೆ ಒಬ್ಬ ಸಪ್ಲಾಯರನಿಗೆ ನಿಜವಾಗಿಯೇ ನೆಗಡಿಯಾಗಿ, ಸಂಜೆಯಿಡೀ ಖೊಕ್ ಖೊಕ್ ಎಂದು ಅತ್ತಿಂದಿತ್ತ ಓಡಾಡಿದ. ಅವತ್ತು ಪರದೆಯ ಹಿಂದೆ ಕೂತವರು ಒಬ್ಬರೂ ನೆಮ್ಮದಿಯಿಂದ ಮಾತಾಡಲಿಲ್ಲ. ನಿಮಿಷಕ್ಕೊಮ್ಮೆ ನೆಟ್ಟಗೆ ಕೂತು ಕೂತು ಸುಸ್ತಾಗಿ, ಇಡ್ಲಿ ತಿಂದು ಎದ್ದುಹೋದರು. ದೊಡ್ಡಪ್ಪ ಅವನಿಗೆ ಶುಂಠಿ ಕಷಾಯ ಕುಡಿಸಿ ಮಲಗಲು ಕಳಿಸಿದರು.

ಈ ಅಭ್ಯಾಸ ಅವರಿಗೆ ಎಷ್ಟು ಅಂಟಿತ್ತೆಂದರೆ ಮನೆಯಲ್ಲಿ ದೇವರ ಕೋಣೆಗೆ ಹೋಗುವಾಗಲೂ ಕೆಮ್ಮುತ್ತಿದ್ದರು. ದೊಡ್ಡಮ್ಮ ನಕ್ಕರೆ, "ದೇವ್ರಿಗೂ ಒಂದು ಸೂಚನೆ ಬೇಡ್ವಾ?" ಎನ್ನುತ್ತಿದ್ದರು.

ಒಂದು ದಿನದ ಸಂಗತಿ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಒಬ್ಬ ಗಂಡಸು ಬೆವರುತ್ತಾ ಬಂದು ಗಲ್ಲಾದ ಮುಂದೆ ನಿಂತ. ತನ್ನ ಹೆಂಡತಿ ಹಸಿರು ಸೀರೆ ಉಟ್ಟುಕೊಂಡು ಇಲ್ಲಿಗೆ ಬಂದಿದ್ದಳೇ, ಜೊತೆಯಲ್ಲಿ ಯಾರಿದ್ದರು ಎಂದು ಕೇಳಿದ. ಯಾವ ಗಿರಾಕಿಗೆ ಯಾವ ಚಟ್ನಿ ಇಷ್ಟ ಎನ್ನುವುದನ್ನೂ ಮರೆಯದ ದೊಡ್ಡಪ್ಪ, ಕನ್ನಡಕ ತೆಗೆದು ಒರೆಸುತ್ತಾ, ಎಷ್ಟೋ ಜನ ಬರುತ್ತಾರೆ, ನಾನು ಬಿಲ್ಲು ನೋಡುತ್ತೇನೆಯೇ ಹೊರತು ಮುಖ ನೋಡುವುದಿಲ್ಲ ಎಂದುಬಿಟ್ಟರು. ಹಸಿರು ಸೀರೆಯವಳು ಆಗಷ್ಟೇ ಎದ್ದುಹೋಗಿದ್ದಳು. ನಾನೇ ನೋಡಿದ್ದೆ. ಅವನು ಹೋದ ಮೇಲೆ, ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ. "ನಮ್ಮ ಕಣ್ಣಿಗೆ ಬಿದ್ದದ್ದೆಲ್ಲ ನಮ್ಮದಾಗ್ತದಾ ಮಗಾ? ಅದು ಅವ್ಳದ್ದು. ಅವ್ಳೇ ಹೇಳ್ಲಿ" ಎಂದರು. ಹೇಳಿದರೇನೋ ಸರಿ, ಆದರೆ ಸಂಜೆಯವರೆಗೂ ಅವರು ಬೀದಿಯ ಕಡೆಗೇ ನೋಡುತ್ತಾ ಕೂತಿದ್ದರು. ಅವರು ಯಾಕೆ ಹಾಗೆ ನೋಡುತ್ತಿದ್ದರು ಎಂದು ನನಗೆ ಅರ್ಥವಾಗಿದ್ದು ಮೊನ್ನೆ ಮೊನ್ನೆ.

ದೊಡ್ಡಪ್ಪ ಹೋದ ಮೇಲೆ ಗಲ್ಲಾ ನನ್ನ ಪಾಲಿಗೆ ಬಂತು, ಅಡುಗೆಮನೆ ನನ್ನ ಗಂಡನ ಪಾಲಿಗೆ. ಹಲಗೆಯ ಗೂಡುಗಳನ್ನು ಒಡೆಸಿ ಎ.ಸಿ. ಹಾಕಿಸಿದೆವು. ಗಿರಾಕಿಯೊಬ್ಬರ ಬ್ಯಾಗು ಕಳುವಾದ ಮೇಲೆ ಕ್ಯಾಮೆರಾಗಳೂ ಬಂದವು. ಸರಿಯಾಗಿ ಹಳೆಯ ಫ್ಯಾಮಿಲಿ ರೂಮು ಇದ್ದ ಮೂಲೆಯ ಮೇಜಿನ ಮೇಲೆ ಒಂದು ಕೂತಿತು. ಅದು ಕೆಮ್ಮುವುದಿಲ್ಲ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಬ್ಯಾಗು ಕಳ್ಳನನ್ನು ಹಿಡಿಯುವ ಉತ್ಸಾಹದಲ್ಲಿದ್ದೆ.

ನಾನೇನೂ ಇಂಥ ವಿಷಯದಲ್ಲಿ ಸಾಚಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಮಗಳು ಊರಿನ ಆ ತುದಿಯ ವಿಮಾನ ನಗರದಲ್ಲಿ ಕೆಲಸಕ್ಕೆ ಸೇರಿ, ಗೆಳತಿಯರ ಜೊತೆ ಫ್ಲ್ಯಾಟು ಮಾಡಿದಾಗ ನನ್ನ ಕಾಟ ತಡೆಯಲಾರದೆ ತನ್ನ ಫೋನಿನ ಲೊಕೇಶನ್ ನನಗೆ ಕಾಣುವಂತೆ ಮಾಡಿಕೊಟ್ಟಿದ್ದಳು. ಅಂದಿನಿಂದ ನನ್ನ ಒಂದು ಕೈ ಚಿಲ್ಲರೆ ಕೊಡುತ್ತದೆ, ಇನ್ನೊಂದು ಕೈಯಲ್ಲಿ ಅವಳ ನೀಲಿ ಚುಕ್ಕಿ ಇರುತ್ತದೆ. ಒಮ್ಮೆ ಆ ಚುಕ್ಕಿ ಹೋಗಿ ಮುಳಾ-ಮುಠಾ ನದಿಯ ನಟ್ಟನಡುವೆ ನಿಂತಿತು. ನಾನು ಗಲ್ಲಾ ತೆರೆದೇ ಬಿಟ್ಟು ಅಡುಗೆಮನೆಗೆ ಓಡಿ, ಗಂಡನ ಕೈಯಿಂದ ದೋಸೆ ಮಗುಚುವ ಸಟ್ಟುಗ ಕಿತ್ತುಕೊಂಡು, ಪೊಲೀಸರಿಗೆ ಫೋನ್ ಮಾಡಿ ಎಂದು ಕಿರುಚಿದೆ. ಅವಳು ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, ರಿಕ್ಷಾದಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದಳಂತೆ.

ಈಗ ದೇಸಾಯಿಯವರಿಗೆ ಬರುತ್ತೇನೆ. ಧಾರವಾಡ ಕಡೆಯವರು, ಕೊಂಢವಾದಲ್ಲಿ ಮನೆ. ಭಾನುವಾರ ಹೆಂಡತಿ ಮಗಳ ಜೊತೆ ಬನ್ಸ್ ತಿನ್ನಲು ಬರುವವರು. ಮೆದು ಮಾತಿನ ಮನುಷ್ಯ. ಹದಿನೈದು ದಿನದ ಹಿಂದೆ ಒಬ್ಬರೇ ಬಂದರು. ಕೂರಲಿಲ್ಲ.

"ಅಕ್ಕಾರ, ಒಂದು ಸಣ್ಣ ಕೆಲಸ ಇತ್ರಿ" ಎಂದರು. "ಮಂಗಳವಾರ ನಮ್ಮ ಮಗಳು ಆಫೀಸಿನಾಗ ಇದ್ದೆ ಅಂತ ಹೇಳ್ಯಾಳ್ರಿ. ಆದ್ರ ಆಕಿ ಫೋನಿನ ಚುಕ್ಕಿ ನೋಡಿದ್ರ ಮಧ್ಯಾಹ್ನ ಪೂರಾ ನಿಮ್ಮ ಹೋಟೆಲ್ ಮ್ಯಾಲ ನಿಂತಿತ್ತು. ಯಾರ ಜೋಡಿ ಕೂತಿದ್ಲು, ಅಷ್ಟ ನೋಡ್ಬೇಕ್ರಿ. ನಿಮ್ಮ ಕ್ಯಾಮೆರಾದಾಗ ಇರ್ತದಲ್ಲ?"

ನಾನು ಫೋನನ್ನು ಮಡಿಲಿಗೆ ಸರಿಸಿಕೊಂಡೆ. ಅದರಲ್ಲಿ ನನ್ನ ಮಗಳ ಚುಕ್ಕಿ ಇತ್ತು.

"ಮುಂದಿನ ತಿಂಗಳ ಆಕಿ ನಿಶ್ಚಯ ಅದ ರೀ. ಹೆಚ್ಚು ಕಡಿಮಿ ಆದ್ರ ನಾವು ಮುಖ ಎತ್ಕೊಂಡು ಹೆಂಗ ಅಡ್ಡಾಡೋದು? ನೀವೂ ಕನ್ನಡದವ್ರು, ಅದಕ್ಕ ಕೇಳಾಕತ್ತೀನಿ." ಹೇಳುತ್ತಾ ಗಲ್ಲಾದ ಮೇಲಿನ ಸೋಂಪಿನ ತಟ್ಟೆಯನ್ನು ಅತ್ತಿತ್ತ ಸರಿಸಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಸಾಧ್ಯವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನೋಡಿ ಹೇಳುತ್ತೇನೆ, ಎರಡು ದಿನ ಬಿಟ್ಟು ಬನ್ನಿ ಎಂದು ಕಳಿಸಿದೆ.

ಎಲ್ಲಿ ಒಂದು ಹುಡುಗಿಯ ಮೇಲೆ ಮನೆಯವರೇ ಕೈ ಮಾಡಿದರು ಎಂಬ ಸುದ್ದಿ ಓದಿದರೂ ನನಗೆ ಎರಡು ದಿನ ಊಟ ಸೇರುವುದಿಲ್ಲ. ತೋರಿಸಿದರೆ ಆ ಹುಡುಗಿಗೆ ಏನಾದೀತೋ ಎಂಬ ಹೆದರಿಕೆ. ತೋರಿಸದೆ ಇದ್ದು, ಅವಳು ಯಾವನದೋ ಕೈಗೆ ಸಿಕ್ಕಿ ಕಷ್ಟದಲ್ಲಿದ್ದರೆ ಎಂಬ ಹೆದರಿಕೆ ಅದರ ಬೆನ್ನಿಗೇ. ನಮ್ಮಲ್ಲಿ ಚಹಾ ಕುಡಿಯುವವರೆಲ್ಲ ಅರ್ಧ ವಕೀಲರು, ಹಾಗಾಗಿ ನನ್ನ ಪರಿಚಯದವರೊಬ್ಬರ ಹೋಟೆಲಿನಲ್ಲಿ ಹೀಗಾಗಿದೆ ಎಂದು ಸುತ್ತಿ ಬಳಸಿ ಕೇಳಿದೆ. ಅದು ನನ್ನದೇ ಹೋಟೆಲು ಎಂದು ಎಲ್ಲರಿಗೂ ಕೂಡಲೇ ಗೊತ್ತಾಯಿತು. ಮುಚ್ಚಿಡುವಂಥದ್ದೇನೂ ಇಲ್ಲದಿದ್ದರೆ ಹೆದರುವುದು ಯಾಕೆ ಎಂದು ರಿಟೈರಾದ ಹಿರಿಯರೊಬ್ಬರು ಹೇಳಿದರು. ಹೇಳುತ್ತಲೇ, ಬಿಲ್ಲು ಕೊಡಲು ಫೋನಿನಲ್ಲಿ ಪಿನ್ ಒತ್ತುವಾಗ ಅಂಗೈಯಿಂದ ಮರೆಮಾಡಿಕೊಂಡರು. ನನ್ನ ಗಂಡನದು ಬೇರೆಯೇ ಮಾತು. "ತೋರ್ಸಿ ಬಿಡು ಮಾರಾಯ್ತಿ, ಖಾಯಂ ಗಿರಾಕಿ. ನಮ್ಗೆ ಎಂತ ಹೋಗ್ತದೆ?"

ಶಿವಾಜಿನಗರದ ಕೋರ್ಟಿನಲ್ಲಿ ನಿಜವಾಗಿಯೇ ವಕೀಲಿಕೆ ಮಾಡುವ ಹೆಂಗಸೊಬ್ಬರು ಕಾಫಿಗೆ ಬರುತ್ತಾರೆ. ಹದಿನೆಂಟು ದಾಟಿದವಳು ಎಲ್ಲಿ, ಯಾರ ಜೊತೆ ಕೂತಳು ಎನ್ನುವುದು ಅವಳಿಗೆ ಸೇರಿದ್ದು, ಅಪ್ಪ ಕೇಳಿದರೆಂದು ತೋರಿಸಬೇಕಾಗಿಲ್ಲ, ಪೊಲೀಸರು ಬರಹದಲ್ಲಿ ಕೇಳಿದರೆ ಅದು ಬೇರೆ ಎಂದರು. ಮನಸ್ಸು ಹಗುರವಾಯಿತು. ಆದರೆ ನಾನು ಇಲ್ಲವೆಂದ ಕಾರಣಕ್ಕೇ ಮನೆಯಲ್ಲಿ ಅವಳಿಗೆ ತೊಂದರೆಯಾದರೆ ಎಂದು ಕೇಳಿದಾಗ, ಅವರು ಕಾಫಿಯನ್ನು ಸುಮ್ಮನೆ ಕಲಕಿದರು. ಹಗುರವಾದದ್ದು ಮತ್ತೆ ಭಾರವಾಯಿತು.

ನನ್ನ ಸಂಕಟ ಏನೆಂದು ನಿಮಗೆ ತಿಳಿಯಿತಲ್ಲ? ದೊಡ್ಡಪ್ಪನಿಗೆ ನೋಡಿಲ್ಲ ಎಂದು ಹೇಳುವ ದಾರಿಯಿತ್ತು. ಕಣ್ಣು ಅವರದೇ, ಬಾಯಿಯೂ ಅವರದೇ. ನಾನು ಹಾಗೆ ಹೇಳಿದರೆ ಯಾರು ನಂಬುತ್ತಾರೆ? ಗೋಡೆಯ ಮೇಲೆ ಕ್ಯಾಮೆರಾ ಕೆಂಪು ದೀಪ ಹಚ್ಚಿಕೊಂಡು ಕೂತಿದೆ. ತೋರಿಸುವುದಿಲ್ಲ ಎಂದ ಕೂಡಲೇ, ಅಲ್ಲೇನೋ ಇದೆ ಎಂದು ಅವರು ತಿಳಿದುಕೊಳ್ಳುತ್ತಾರೆ.

ಕೊನೆಗೆ ನಾನೇ ಒಮ್ಮೆ ನೋಡಿಬಿಡೋಣ ಎಂದು ರೆಕಾರ್ಡಿಂಗಿನ ಮುಂದೆ ಕೂತೆ. ಬೇಕಾದ ಮಂಗಳವಾರಕ್ಕೆ ಹೋಗಲು ಬಾರದೆ ಬೇರಾವುದೋ ದಿನಕ್ಕೆ ಹೋದೆ. ಹೆಂಗಸೊಬ್ಬಳು ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಪಾದ ಒತ್ತಿಕೊಳ್ಳುತ್ತಿದ್ದಳು. ವಯಸ್ಸಾದವರೊಬ್ಬರು ಅತ್ತ ಇತ್ತ ನೋಡಿ, ತಟ್ಟೆಯ ಸಾಂಬಾರನ್ನು ಬೆರಳಲ್ಲಿ ನೆಕ್ಕಿದರು. ಇನ್ನೊಂದು ಚೌಕದಲ್ಲಿ ಗಲ್ಲಾದ ಮುಂದೆ ಒಬ್ಬ ದಪ್ಪ ಹೆಂಗಸು ಪೆನ್ನಿನ ಕ್ಯಾಪಿನಿಂದ ಕಿವಿ ಕೆರೆದುಕೊಳ್ಳುತ್ತಿದ್ದಳು. ಎಂಥ ಹೆಂಗಸಪ್ಪ ಎಂದುಕೊಂಡೆ. ನಾನೇ.

ನಗು ಬಂತು, ನಗುತ್ತಲೇ ನಾಚಿಕೆಯೂ ಆಯಿತು. ಆಗ ಒಂದು ಯೋಚನೆ ಬಂತು. ನಾನು ಮಂಗಳವಾರವನ್ನು ನೋಡಲೇಬಾರದು. ನೋಡದಿದ್ದರೆ, ದೊಡ್ಡಪ್ಪ ಸುಳ್ಳಾಗಿ ಹೇಳಿದ್ದನ್ನು ನಾನು ನಿಜವಾಗಿಯೇ ಹೇಳಬಹುದು. ರೆಕಾರ್ಡಿಂಗನ್ನು ಅಲ್ಲಿಗೇ ಬಂದ್ ಮಾಡಿದೆ.

ದೇಸಾಯಿಯವರು ಬಂದಾಗ ಚಹಾ ತರಿಸಿದೆ. "ನಾನು ತೋರಿಸುವುದಿಲ್ಲ. ನಾನೂ ನೋಡಿಲ್ಲ, ದೇವರಾಣೆಗೂ ನೋಡಿಲ್ಲ. ಮಗಳನ್ನೇ ಕೇಳಿ. ಮೆಲ್ಲಗೆ ಕೇಳಿ" ಎಂದೆ.

"ಅಂದ್ರ ಏನೋ ಅದ ಅಂತಾತು."

"ಏನಿದೆಯೋ ಏನಿಲ್ಲವೋ ನನಗೆ ಗೊತ್ತಿಲ್ಲ."

ಅವರು ಚಹಾದ ಲೋಟವನ್ನು ನನ್ನ ಕಡೆಗೆ ಸರಿಸಿದರು. "ನಿಮಗೂ ಮಗಳದಾಳ್ರಿ ಅಕ್ಕಾರ. ನಿಮಗ ತಿಳೀಬೇಕಿತ್ತು" ಎಂದು ಎದ್ದರು. ಚಹಾ ಹಾಗೇ ಉಳಿಯಿತು. ಮುಂದಿನ ಭಾನುವಾರ ಅವರ ಮನೆಯವರು ಯಾರೂ ಬರಲಿಲ್ಲ. ನಾನು ಬೀದಿಯ ಕಡೆಗೇ ನೋಡುತ್ತಾ ಕೂತೆ, ದೊಡ್ಡಪ್ಪ ಕೂತ ಹಾಗೆ.

ಇದು ರಿಪೇರಿಯವನು ಬಂದ ಕತೆ. ಮೂಲೆಯ ಮೇಜಿನ ಕ್ಯಾಮೆರಾವನ್ನು ಬಾಗಿಲು ಮತ್ತು ಗಲ್ಲಾದ ಕಡೆಗೆ ತಿರುಗಿಸು ಎಂದೆ. ಮೇಜುಗಳು ಕಾಣುವುದಿಲ್ಲವಲ್ಲ ಎಂದು ಅವನು ಎರಡೆರಡು ಸಲ ಕೇಳಿದ. ಕಾಣುವುದು ಬೇಡ, ನಾನು ಕಾಣಲಿ ಎಂದೆ. ಪೆನ್ನಿನ ಕ್ಯಾಪನ್ನು ಡ್ರಾಯರಿನೊಳಗೆ ಹಾಕಿದೆ.

ಅವನು ಏಣಿ ಮಡಿಸಿಕೊಂಡು ಹೋದ ಸ್ವಲ್ಪ ಹೊತ್ತಿಗೆ ದೇಸಾಯಿಯವರು ಬಂದರು. ಜೊತೆಗೆ ಮಗಳು. ನನ್ನ ಕಡೆ ನೋಡದೆ ಇಬ್ಬರೂ ಮೂಲೆಯ ಮೇಜಿಗೆ ಹೋಗಿ ಕೂತರು. ಅವರು ಏನು ಮಾತಾಡುತ್ತಿದ್ದರೋ, ಇಬ್ಬರ ತಲೆಯೂ ಬಗ್ಗಿತ್ತು. ಸಪ್ಲಾಯರನನ್ನು ತಡೆದು ಬನ್ಸಿನ ತಟ್ಟೆಗಳನ್ನು ನಾನೇ ಹಿಡಿದುಕೊಂಡು ಹೋದೆ. ಮೇಜಿಗೆ ನಾಲ್ಕು ಹೆಜ್ಜೆ ಇದೆ ಎನ್ನುವಾಗ ನಿಂತು ಕೆಮ್ಮಿದೆ. ಹುಡುಗಿ ಬೇಗ ದುಪಟ್ಟಾದಿಂದ ಕಣ್ಣು ಒರೆಸಿಕೊಂಡಳು. ದೇಸಾಯಿಯವರೂ ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೂ ಸ್ವಲ್ಪ ಹೊತ್ತು ನಿಂತು, ಆಮೇಲೆ ತಟ್ಟೆ ಇಟ್ಟೆ.

"ಬಿಸಿ ಅದಾವೇನ್ರಿ?" ಎಂದು ದೇಸಾಯಿಯವರು ತಟ್ಟೆಯನ್ನೇ ನೋಡುತ್ತಾ ಕೇಳಿದರು. ಬಿಸಿ ಇವೆ ಎಂದೆ. ಅವರ ನಡುವೆ ಏನಾಯಿತು, ನಿಶ್ಚಯ ನಡೆಯುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ.

ಗಲ್ಲಾಕ್ಕೆ ಬಂದು ಫೋನು ತೆಗೆದೆ. ನೀಲಿ ಚುಕ್ಕಿ ಕಾಣುವ ಮುಂಚೆಯೇ ಕಣ್ಣು ಕಿರಿದು ಮಾಡಿಕೊಂಡು, ಅದನ್ನು ನನ್ನ ಫೋನಿನಿಂದ ತೆಗೆದುಹಾಕಿದೆ. ತೆಗೆಯುವುದಕ್ಕೆ ಅರ್ಧ ನಿಮಿಷ ಸಾಕಾಯಿತು. ಆಮೇಲೆ ಮಗಳಿಗೆ ಫೋನ್ ಮಾಡಿ ಎಲ್ಲಿದ್ದೀ ಎಂದು ಕೇಳಿದೆ.

"ಎಂತಮ್ಮಾ, ಮ್ಯಾಪಲ್ಲಿ ಕಾಣ್ತದಲ್ಲ ನಿಂಗೆ?"

"ಅದನ್ನು ತೆಗ್ದೆ ನಾನು. ಇನ್ನು ನೋಡುದಿಲ್ಲ."

"ಮನೇಲೇ ಇದ್ದೇನಮ್ಮಾ" ಎಂದಳು.

ಅವಳ ದನಿಯ ಹಿಂದೆ ಸ್ಟೀಲಿನ ಲೋಟ ಮೇಜಿನ ಮೇಲೆ ಇಟ್ಟ ಸದ್ದು, ಯಾರೋ ದೂರದಿಂದ ಎರಡು ಕಾಫಿ ಎಂದು ಕೂಗಿದ ಸದ್ದು. ಹೋಟೆಲಿನಲ್ಲೇ ಬೆಳೆದ ನನಗೆ ಅದು ಹೋಟೆಲಿನ ಸದ್ದೆಂದು ತಿಳಿಯುವುದಿಲ್ಲವೇ? ಬಾಯಿಯವರೆಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು ಒಂದು ಸಲ ಕೆಮ್ಮಿದೆ.

"ನೆಗಡಿಯಾ?" ಎಂದು ಕೇಳಿದಳು.

"ಹೌದು" ಎಂದೆ. "ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ಹೇಳಿ, ಅವಳಿಗಿಂತ ಮುಂಚೆ ಫೋನಿಟ್ಟೆ.