ಕೂತ ಮೇಲೆ ತುತ್ತು

ದನದ ದವಾಖಾನೆಯ ಕಂಪೌಂಡರು ನಮ್ಮ ಮನೆಗೆ ಬಂದದ್ದು ನಾಯಿಯ ಗಡೀಪಾರು ತಡೆಯಲು. ಉಣ್ಣುವವರ ಕೈಯಿಂದ ಅದು ರೊಟ್ಟಿ ಕಸಿಯುತ್ತಿತ್ತು. ಹೊಳೆಯಾಚೆ ಬಿಟ್ಟುಬರಲು ಅಪ್ಪ ಗೋಣಿಚೀಲವನ್ನೂ ತೆಗೆದಿಟ್ಟಿದ್ದರು.

“ನಾಯಿ ಕೂತಮ್ಯಾಲೆ ಕೊಡ್ರಿ,” ಎಂದು ಕಂಪೌಂಡರು ತೋರುಬೆರಳೆತ್ತಿ ತೀರ್ಪು ಕೊಟ್ಟರು.

ಮೊದಲ ತುತ್ತು ನಾಯಿಗೆ ಎಸೆದೇ ಉಣ್ಣುವುದು ಅಜ್ಜಿಯ ಜೀವಮಾನದ ವ್ರತ. “ಅದಕ್ಕ ಹಾಕದ ನಾ ಹೆಂಗ ಉಣ್ಣಲೋ ತಮ್ಮಾ?”

“ಹಾಕ್ರಿ ಆಯಿ. ಕೂತಮ್ಯಾಲೆ.”

ಎಂಟು ದಿನ ಅವರು ಊಟದ ಹೊತ್ತಿಗೆ ಬಂದು ಹೊಸ್ತಿಲಲ್ಲಿ ನಿಂತರು. ನಾಯಿ ಕುಣಿಯಿತು, ಬೊಗಳಿತು. ಅಜ್ಜಿ ತುತ್ತು ಹಿಡಿದು ಕಾದಳು, ಪಲ್ಯ ಆರಿತು. ಒಂಬತ್ತನೆಯ ದಿನ ನಾಯಿ ತಾನಾಗಿ ಕೂತಿತು. ಅಪ್ಪ ಗೋಣಿಚೀಲ ಮಡಚಿ ಅದರ ಕೆಳಗೆ ಹಾಸಿದರು.

ಕಂಪೌಂಡರು ನಿಂತಲ್ಲಿಂದಲೇ ರೊಟ್ಟಿಗೆ ಕೈಚಾಚಿದರು.

“ಕೂತಮ್ಯಾಲೆ,” ಎಂದಳು ಅಜ್ಜಿ.