ಬಾಗಿಲ ಹಿಂದಿನ ಕರಿಮಣಿ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾವು ಮದುವೆಯ ಸುಳ್ಳನ್ನೇ ಹೇಳಿ ಕೋಲ್ಕತ್ತಾದ ಬಾಲಿಗಂಜಿನಲ್ಲಿ ಮನೆ ಮಾಡಿದ್ದೆವು. ನಾನು ಧಾರವಾಡದವಳು, ಪಿಎಚ್‌ಡಿಗೆ ಬಂದವಳು. ಅವನು ಮೈಸೂರಿನವನು, ಸಾಲ್ಟ್ ಲೇಕಿನಲ್ಲಿ ಕೆಲಸ. ಒಂಟಿಯಾಗಿರುವವರಿಗೆ ಮನೆ ಕೊಡುವುದಿಲ್ಲ ಎಂದಿದ್ದ ಮನೆಯೊಡತಿ, ಗಂಡ ಹೆಂಡತಿ ಎಂದೊಡನೆ ಕರಗಿದರು. ಕೈಯಲ್ಲಿ ಮುತ್ತೈದೆಯರ ಶಂಖದ ಬಳೆ ಇಲ್ಲವಲ್ಲ ಎಂದಾಗ, ನಮ್ಮಲ್ಲಿ ಕರಿಮಣಿಯೇ ಎಲ್ಲ ಎಂದು ಕೊರಳು ತೋರಿಸಿದೆ. ಹಿಂದಿನ ದಿನವಷ್ಟೇ ಫುಟ್‌ಪಾತಿನಲ್ಲಿ ಕೊಂಡ ಸರ. ಅಂದಿನಿಂದ ನಾನು ಅವರಿಗೆ ಬೌಮಾ, ಅಂದರೆ ಸೊಸೆ.

ಅವನದೊಂದು ಕೋಣೆ, ನನ್ನದೊಂದು. ಈ ನಾಟಕ ಊರಿನಲ್ಲಿದ್ದ ಅವ್ವನಿಗೆ ಗೊತ್ತಿರಲಿಲ್ಲ. ವಿಡಿಯೋ ಕಾಲ್ ಮಾಡುವ ಮುಂಚೆ ಸರ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕುತ್ತಿದ್ದೆ. ವರ್ಷ ತುಂಬುವಷ್ಟರಲ್ಲಿ ಅದನ್ನು ತೆಗೆಯುವುದೇ ಸಂಕಟವಾಗತೊಡಗಿತು. ಅವನ ಮೇಲೆ ಮನಸ್ಸಾಗಿತ್ತು, ಹೇಳುವ ಧೈರ್ಯವಿರಲಿಲ್ಲ. ಮುಂದಿನ ತಿಂಗಳು ಪುಣೆಗೆ ವರ್ಗ ಎಂದು ಅವನು ಹೇಳಿದ ಮೇಲಂತೂ ಕ್ಯಾಲೆಂಡರಿನಲ್ಲಿ ದಿನ ಎಣಿಸತೊಡಗಿದೆ.

ಆ ಭಾನುವಾರ ಮ್ಯಾಟಿನಿಗೆ ಹೋದೆವು. ಚಿತ್ರದಲ್ಲಿ ಅವಳು ನಕಲಿ ವಧು, ಅವನು ನಕಲಿ ಸಾಹುಕಾರ. ಒಬ್ಬರಿಗೊಬ್ಬರು ಟೋಪಿ ಹಾಕಲು ಹೋಗಿ, ಪ್ರೀತಿಗೆ ಬಿದ್ದು, ಕೊನೆಗೆ ನಿಜ ಹೇಳಿ ಉದ್ಧಾರವಾಗುತ್ತಾರೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಪಕ್ಕದಲ್ಲಿ ಅಳುತ್ತಿದ್ದೆ. ಕಳ್ಳರಿಗೇ ಸಿಕ್ಕಿದ್ದು ನನಗೇಕೆ ಸಿಗಬಾರದು ಎಂಬ ಹಟ ಹುಟ್ಟಿತು.

ಮನೆಗೆ ಬಂದವಳೇ, ಬೇಕೆಂದೇ ಸರ ತೆಗೆಯದೆ ಅವ್ವನಿಗೆ ಕಾಲ್ ಮಾಡಿದೆ. ಅವನು ಪಕ್ಕದಲ್ಲೇ ಕುಳಿತು ಚುರುಮುರಿ ತಿನ್ನುತ್ತಿದ್ದ.

"ಕೊಳ್ಳಾಗ ಏನದು?" ಅವ್ವ ಫೋನಿಗೆ ಮುಖ ಹತ್ತಿರ ತಂದಳು. "ಯಾವಾಗ ಆತು? ನಮಗ ಒಂದ್ ಮಾತೂ ಹೇಳಲಿಲ್ಲಲ್ಲ!"

ಅವನ ಮುಖ ನೋಡಿದೆ. ಒಂದೇ ಒಂದು ಸುಳ್ಳು ಹೇಳು ಮಾರಾಯ, ಉಳಿದದ್ದನ್ನೆಲ್ಲ ನಾನು ನಿಜ ಮಾಡುತ್ತೇನೆ ಎಂದು ಒಳಗೇ ಅಂಗಲಾಚಿದೆ. ಅವನು ಫೋನ್ ಇಸಿದುಕೊಂಡ.

"ಅಯ್ಯೋ ಆಂಟಿ, ಗಾಬರಿ ಆಗ್ಬೇಡಿ. ಬಾಡಿಗೆ ಮನೆ ಸಿಗ್ಲಿ ಅಂತ ಹಾಕ್ಕೊಂಡಿರೋ ಸರ ಅದು. ಬೇರೆ ಬೇರೆ ರೂಮು. ನಿಮ್ಮ ಮಗಳು ನಂಗೆ ತಂಗಿ ಇದ್ದ ಹಾಗೆ."

"ಬಂಗಾರದಂಥಾ ಹುಡುಗ ಅದಿಯಪ್ಪಾ," ಎಂದು ಅವ್ವ ಕಣ್ಣೊರೆಸಿಕೊಂಡಳು. ನನಗೆ ಬೈಯುವುದನ್ನೂ ಮರೆತಳು.

ಸರ ಬಿಚ್ಚಿ ಮೊಳೆಗೆ ಹಾಕಿದೆ. ಅಷ್ಟರಲ್ಲೇ ಮನೆಯೊಡತಿ ಕೆಳಗಿನಿಂದ, ಪಾಯಸ ಮಾಡಿದ್ದೇನೆ, ಗಂಡನನ್ನು ಕರೆದುಕೊಂಡು ಬಾ ಬೌಮಾ ಎಂದು ಕೂಗಿದರು. ಸರವನ್ನು ಮತ್ತೆ ಕೊರಳಿಗೆ ತಂದೆ. ಕೊಕ್ಕೆ ಎರಡು ಸಲ ತಪ್ಪಿತು.

"ಇರು," ಎಂದು ಅವನೇ ಹಿಂದೆ ನಿಂತು ಸಿಕ್ಕಿಸಿದ.