ಬೆನ್ನು ನೋಡುತ್ತಿದ್ದ ಸರ್

ನಮ್ಮ ಸರ್ ಯಾರನ್ನಾದರೂ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಕುತ್ತಿಗೆಗೆ ಸದಾ ಒಂದು ಸ್ಪಂಜಿನ ಪಟ್ಟಿ. ಬೆವರಿಗೆ ಅದರ ಅಂಚು ಕಂದಾಗಿತ್ತು. ರಾಣೆಬೆನ್ನೂರಿನ ತಮ್ಮ ಹಲ್ಲಿನ ದವಾಖಾನೆಯಲ್ಲಿ ಮಂದಿಯ ಬಾಯೊಳಗೆ ವರ್ಷಗಟ್ಟಲೆ ಬಗ್ಗಿ ಬಗ್ಗಿ ಅವರ ಕತ್ತಿನ ಎಲುಬುಗಳು ಸವೆದಿದ್ದವು. ಬಸ್ಸಿನ ಕುಲುಕಾಟ ತಾಳಲಾರದೆ ಹಾವೇರಿಯ ನಮ್ಮ ದಂತ ಕಾಲೇಜಿಗೆ ದಿನಾ ರೈಲಿನಲ್ಲೇ ಬರುತ್ತಿದ್ದರು. ಬರುವಾಗಲೇ ದಣಿದಿರುತ್ತಿದ್ದರು.

ನಾನು ಎರಡನೇ ವರ್ಷದಲ್ಲಿದ್ದಾಗ ಲ್ಯಾಬಿಗೆ ಹೊಸ ಸ್ಕ್ಯಾನರ್ ಬಂತು. ಅಭ್ಯಾಸದ ಬೊಂಬೆಯ ಬಾಯಲ್ಲಿನ ಪ್ಲಾಸ್ಟಿಕ್ ಹಲ್ಲನ್ನು ಕೊರೆದು ಅದಕ್ಕೆ ತೋರಿಸಿದರೆ, ಹೆಚ್ಚು ಕೊರೆದ ಜಾಗ ಪರದೆಯ ಮೇಲೆ ಕೆಂಪಗೆ, ಕಡಿಮೆಯಾದದ್ದು ನೀಲಿ, ಸರಿಯಾದದ್ದು ಹಸಿರು, ಮೂಲೆಯಲ್ಲಿ ಅಂಕ. ನಮಗೆಲ್ಲ ಹಸಿರಿನ ಹುಚ್ಚು ಹಿಡಿಯಿತು. ನನ್ನದು ಹೆಚ್ಚಾಗಿ ಹಸಿರೇ ಬರುತ್ತಿತ್ತು.

ಸರ್‌ಗೆ ಆ ಯಂತ್ರದ ಮೇಲೆ ಸಿಟ್ಟೇನೂ ಇರಲಿಲ್ಲ. “ಮಾರ್ಕ್ಸ್ ಸಲುವಾಗಿ ನೀವು ನನ್ನ ಜೋಡಿ ಜಗಳಾಡೂದು ತಪ್ಪಿತು” ಎಂದು ನಕ್ಕಿದ್ದರು. ಆದರೆ ತಮ್ಮ ಮೊಬೈಲನ್ನೂ ಸ್ಟ್ಯಾಂಡಿಗೆ ಸಿಕ್ಕಿಸಿ, ನಾವು ಕೆಲಸ ಮಾಡುವುದನ್ನು ಪಕ್ಕದಿಂದ ವಿಡಿಯೋ ತೆಗೆಯುತ್ತಿದ್ದರು. ಒಂದು ಮಧ್ಯಾಹ್ನ ನನ್ನದನ್ನು ನನಗೆ ತೋರಿಸಿದರು. ಮೇಲಿನ ದವಡೆ ಹಲ್ಲು ಕೊರೆಯಲು ನಾನು ಬೊಂಬೆಯ ಗದ್ದಕ್ಕೆ ಕಿವಿ ತಾಗುವಷ್ಟು ಸೊಟ್ಟಗೆ ಬಗ್ಗಿದ್ದೆ.

“ಹಲ್ಲೇನೋ ಭೇಷ್ ಆಗೇದ. ಆದ್ರ ಈ ವಿಡಿಯೋದಾಗ ಈಕಿನ್ನ ನೋಡು ಇಲ್ಲೆ, ಹಿಂಗ ಬಗ್ಗಿ ಎಷ್ಟು ವರ್ಷ ತಡೀತಾಳ?”

“ಬಗ್ಗಲಿಲ್ಲಂದ್ರ ಕಾಣಂಗಿಲ್ರೀ ಸರ್.”

“ಕನ್ನಡಿಯಾಗ ನೋಡವಾ. ನೆಟ್ಟಗ ಕುಂದ್ರು.”

ನೆಟ್ಟಗೆ ಕುಳಿತು, ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿಯಲ್ಲಿ ತಿರುವುಮುರುವಾಗಿ ಕಾಣುವ ಹಲ್ಲನ್ನು ಕೊರೆಯತೊಡಗಿದೆ. ಒಳಕ್ಕೆ ಒತ್ತಬೇಕೆಂದರೆ ಕೈ ಹೊರಕ್ಕೆ ಹೋಗುತ್ತಿತ್ತು. ಪರದೆ ತುಂಬ ಕೆಂಪು. ವಾರಗಳಾದರೂ ಅಂಕ ಏಳಲಿಲ್ಲ, ಪರೀಕ್ಷೆ ಹತ್ತಿರ ಬಂತು. ಒಂದು ದಿನ ಲ್ಯಾಬಿನಲ್ಲೇ ಅತ್ತುಬಿಟ್ಟೆ.

“ಪರೀಕ್ಷಾ ಮುಗಿಯೂತನಕ ಬಗ್ಗತೇನ್ರೀ ಸರ್. ಆಮ್ಯಾಲೆ ಕಲೀತೇನಿ.”

ಅವರು ಸ್ಟೂಲು ಎಳೆದುಕೊಂಡು ಕುಳಿತರು. “ನಾನೂ ಆಮ್ಯಾಲೆ ಅಂತನ ಅಂದಿದ್ದೆ. ನಮಗ ಹಿಂಗ ವಿಡಿಯೋ ತೆಗದು ತೋರಸಾವ್ರೂ ಇರಲಿಲ್ಲ. ನಾ ಹೆಂಗ ಕುಂದ್ರತಿದ್ದೆ ಅಂತ ಗೊತ್ತಾಗಿದ್ದು ಕುತ್ತಿಗಿ ಎಕ್ಸ್‌ರೇ ತೆಗಿಸಿದಾಗ.”

ಆಮೇಲೆ ಎಷ್ಟೋ ಸಂಜೆ ತಮ್ಮ ರೈಲು ಬಿಟ್ಟು, ಮುಂದಿನದಕ್ಕೆ ಕಾಯುತ್ತ, ನನ್ನ ಮೊಣಕೈಗೆ ಕೈ ಕೊಟ್ಟು ಕೂತರು. ಪರೀಕ್ಷೆಯಲ್ಲಿ ನನಗೆ ಬಂದದ್ದು ಪಾಸಾಗುವಷ್ಟು ಅಂಕ ಮಾತ್ರ. ಆದರೆ ನಾನು ಬಗ್ಗಿರಲಿಲ್ಲ.

ನನ್ನ ಕೊನೆಯ ವರ್ಷದಲ್ಲಿ, ಕಿರಿಯರಿಗೆ ತೋರಿಸಿಕೊಡುತ್ತಿದ್ದಾಗ ಸರ್ ಕೈಯಿಂದ ಡ್ರಿಲ್ ಜಾರಿ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಕುತ್ತಿಗೆಯ ನರ ಒತ್ತಿ ಜೋಮು ಹಿಡಿದ ಬೆರಳುಗಳನ್ನೇ ನೋಡುತ್ತ ನಿಂತರು. ಮತ್ತೆ ಕಾಲೇಜಿಗೆ ಬರಲಿಲ್ಲ. ರಾಣೆಬೆನ್ನೂರಿನ ಅವರ ದವಾಖಾನೆಯೂ ಮುಚ್ಚಿತು.

ನಾನು ಬ್ಯಾಡಗಿಯಲ್ಲಿ ಕ್ಲಿನಿಕ್ ಇಟ್ಟ ಮೇಲೆ ಒಂದು ದಿನ ಹೆಂಡತಿಯ ತೋಳು ಹಿಡಿದು ಬಂದರು. ಮೇಲಿನ ದವಡೆ ಹಲ್ಲು ನೋವು. ಆ ಕುತ್ತಿಗೆಯಿಂದಾಗಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಲು ಅವರಿಗೆ ಆಗುತ್ತಿರಲಿಲ್ಲ. ಬೇರೆ ದಾರಿ ಕಾಣದೆ ನಾನೇ ಬಗ್ಗಿದೆ. ಅವರು ಬಾಯಿ ಮುಚ್ಚಿಬಿಟ್ಟರು.

“ನೀ ಬಗ್ಗೂದಾದ್ರ ನನಗ ಈ ಹಲ್ಲ ಬ್ಯಾಡ. ಕಿತ್ತು ಒಗಿ.”

ಕೊನೆಗೆ ಹಿಂದೆ ನಿಂತು, ಅವರ ತಲೆಯನ್ನು ನನ್ನ ತೋಳಿಗೆ ಆನಿಸಿಕೊಂಡು, ಕನ್ನಡಿಯಲ್ಲೇ ನೋಡುತ್ತ ಕೆಲಸ ಮಾಡಿದೆ. ಅದು ಮೆಣಸಿನಕಾಯಿ ಸುಗ್ಗಿ. ಊರೆಲ್ಲ ಘಾಟು; ಅವರು ಕೆಮ್ಮಿದಾಗಲೆಲ್ಲ ನಿಲ್ಲಿಸಬೇಕು. ಹಲ್ಲಿನ ಬೇರು ತೊಳೆದು ಮೇಲೆ ಕ್ಯಾಪ್ ಕೂರಿಸುವಷ್ಟರಲ್ಲಿ ಎಷ್ಟೋ ಸಲ ಬಂದು ಹೋದರು. ಪ್ರತಿ ಸಲವೂ ಇಬ್ಬರೂ ಸುಸ್ತಾಗಿ ಚಹಾ ಕುಡಿಯುತ್ತಿದ್ದೆವು.

ನನ್ನ ಗೆಳತಿಯರಲ್ಲಿ ಕೆಲವರು ಬೆನ್ನುನೋವಿಗೆ ಈ ಕೆಲಸವನ್ನೇ ಬಿಟ್ಟಿದ್ದಾರೆ. ಸಂಜೆಯ ಹೊತ್ತಿಗೆ ನಾನೂ ಹಣ್ಣಾಗಿರುತ್ತೇನೆ, ಆದರೆ ಬೆಳಗ್ಗೆ ಎದ್ದು ಮತ್ತೆ ಕ್ಲಿನಿಕ್ಕಿನ ಬಾಗಿಲು ತೆರೆಯಲು ಆಗುತ್ತದೆ.

ಸರ್ ಕಳೆದ ವರ್ಷ ತೀರಿಕೊಂಡರು. ರಾಣೆಬೆನ್ನೂರಿಗೆ ಮಾತಾಡಿಸಲು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು.

“ಕಡೀಕ ಕೈ ಏಳ್ತಿರಲಿಲ್ಲವಾ, ನಾನ ತುತ್ತು ಮಾಡಿ ಹಾಕ್ತಿದ್ದೆ. ಅನ್ನಾ ಕಲಸಿದ್ರ ಒಲ್ಲೆ ಅಂತಿದ್ರು. ರೊಟ್ಟೀನ ಬೇಕು. ‘ನನ್ನ ಹುಡುಗಿ ಉಳಿಸಿಕೊಟ್ಟ ಹಲ್ಲು ಅದ, ಅಗೀತೇನಿ’ ಅಂತಿದ್ರು.”